ಹೋಂಸ್ಟೇಯಲ್ಲಿ ರಾತ್ರಿ ಹತ್ತರ ನಂತರದ ಸದ್ದು: ಗೆಸ್ಟ್‌ಗಳು, ಮಾಲೀಕರು, ಅಕ್ಕಪಕ್ಕದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೂಡಿಗೆರೆ ಕಡೆ ಕಾಫಿ ತೋಟದ ನಡುವೆ ನಮ್ಮದೊಂದು ನಾಲ್ಕು ರೂಮಿನ ಹೋಂಸ್ಟೇ. ಬುಕಿಂಗ್‌ಗೆ ಫೋನ್ ಮಾಡಿದವರು, ರಾತ್ರಿ ಊಟಕ್ಕೆ ಕೂತವರು, ಬೇರೆ ಹೋಂಸ್ಟೇ ನಡೆಸುವವರು, ಪಕ್ಕದ ತೋಟದವರು ಸದ್ದಿನ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಲ್ಲಿ ಇಲ್ಲಿ ಬರೆದಿದ್ದೇನೆ. ಉತ್ತರ ಬೇಕಾದ್ದನ್ನು ಮಾತ್ರ ಓದಿದರೂ ಸಾಕು. ಮಲೆನಾಡು, ಕೊಡಗು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆದರೆ ಕಾನೂನು ಇಡೀ ದೇಶಕ್ಕೆ ಒಂದೇ.

## ಮೊದಲು ತಿಳಿಯಬೇಕಾದ್ದು

ಅಕ್ಕಾ, ರಾತ್ರಿ ಎಷ್ಟು ಗಂಟೆವರೆಗೆ ಸಾಂಗ್ ಹಾಕಬಹುದು?

ಹತ್ತು ಗಂಟೆವರೆಗೆ. ಅದೂ ಕಾಂಪೌಂಡ್ ದಾಟಿ ಹೋಗದಷ್ಟು ಸದ್ದಿನಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಸ್ಪೀಕರ್, ಆಂಪ್ಲಿಫೈಯರ್, ವಾದ್ಯ ಯಾವುದೂ ಇಲ್ಲ. ಇದು ನಾನು ಮಾಡಿದ ರೂಲ್ಸ್ ಅಲ್ಲ. ಕೇಂದ್ರ ಸರ್ಕಾರ 2000ದಲ್ಲಿ ತಂದ ಶಬ್ದ ಮಾಲಿನ್ಯ ನಿಯಮಗಳಲ್ಲಿ ಹೀಗಿದೆ. ಅದರ ಹಿಂದಿರುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆ. ಯಾರಾದರೂ "ಹನ್ನೊಂದರವರೆಗೆ ನಡೆಯುತ್ತೆ ಬಿಡಿ" ಅಂದರೆ ಅದು ಅವರ ಅಭ್ಯಾಸ, ಕಾನೂನಲ್ಲ.

ಹೋಂಸ್ಟೇ ಅಂದ್ರೆ ಪ್ರೈವೇಟ್ ಜಾಗ ಅಲ್ವಾ? ದುಡ್ಡು ಕೊಟ್ಟು ಬಂದಿದ್ದೀವಿ, ನಮಗ್ಯಾಕೆ ಈ ರೂಲ್ಸ್?

ಜಾಗ ಪ್ರೈವೇಟೇ. ಸದ್ದು ಮಾತ್ರ ಬೇಲಿಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ನಿಯಮ ಅಳತೆ ಮಾಡುವುದು ಬೇಲಿಯ ಹತ್ತಿರ. ಖಾಸಗಿ ಜಾಗದಲ್ಲಿ ಹಾಕಿದ ಸೌಂಡ್ ಸಿಸ್ಟಂನ ಸದ್ದು ಆ ಜಾಗದ ಗಡಿಯಲ್ಲಿ, ಆ ಪ್ರದೇಶದ ಮಿತಿಗಿಂತ 5 ಡೆಸಿಬಲ್‌ಗೂ ಜಾಸ್ತಿ ಇರಬಾರದು. 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ದೊಡ್ಡ ತೀರ್ಪು ಕೊಟ್ಟಿತು. ನೆಮ್ಮದಿಯಾಗಿ ಬದುಕುವುದು ಸಂವಿಧಾನದ 21ನೇ ವಿಧಿಯ ಹಕ್ಕಿನೊಳಗೇ ಬರುತ್ತದೆ, ಕೇಳಲು ಇಷ್ಟವಿಲ್ಲದವರ ಕಿವಿಗೆ ಬಲವಂತವಾಗಿ ಸದ್ದು ತುಂಬುವ ಹಕ್ಕು ಯಾರಿಗೂ ಇಲ್ಲ ಎಂಬುದು ಅದರ ಸಾರ.

ಹಾಗಾದ್ರೆ ಹಗಲು ಹೊತ್ತು ಎಷ್ಟು ಬೇಕಾದ್ರೂ ಜೋರಾಗಿ ಹಾಕಬಹುದಾ?

ಇಲ್ಲ. ಹಗಲಿಗೂ ಮಿತಿ ಇದೆ. ಜನ ವಾಸ ಮಾಡುವ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ಅಂಗಡಿ ಬೀದಿಯಂಥ ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ ನಿಶ್ಶಬ್ದ ವಲಯ ಅಂತ ಘೋಷಿಸಿದ ಕಡೆ 50 ಮತ್ತು 40. ನಮ್ಮಂಥ ಊರನ್ನು ವಾಸದ ಪ್ರದೇಶ ಅಂತ ಹಿಡಿದರೆ, ಬೇಲಿ ಹತ್ತಿರ ಹಗಲು 60ಕ್ಕಿಂತ ಜಾಸ್ತಿ ಕೇಳಿಸಬಾರದು.

55 ಡೆಸಿಬಲ್, 45 ಡೆಸಿಬಲ್ ಅಂದ್ರೆ ನಿಜವಾಗಿ ಎಷ್ಟು ಸದ್ದು?

ಇಬ್ಬರು ಎದುರುಬದುರು ಕೂತು ಮಾಮೂಲಿ ದನಿಯಲ್ಲಿ ಮಾತಾಡಿದರೆ ಸುಮಾರು 60. ಪಿಸುಮಾತು 30ರ ಹತ್ತಿರ. ಡೆಸಿಬಲ್ ಲೆಕ್ಕ ಅಡಿ, ಮೀಟರ್ ಥರ ಅಲ್ಲ. ಹತ್ತು ಏರಿದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಅನಿಸುತ್ತದೆ. 45 ಇರಬೇಕಾದ ಕಡೆ 65 ಆದರೆ "ಸ್ವಲ್ಪ ಜಾಸ್ತಿ" ಅಲ್ಲ, ನಾಲ್ಕರಷ್ಟು. ಇಲ್ಲಿನ ರಾತ್ರಿಯಲ್ಲಿ ಎಲೆಯಿಂದ ಮಂಜು ತೊಟ್ಟಿಕ್ಕುವುದೂ ಕೇಳುತ್ತದೆ. ಅಷ್ಟು ಮೌನದೊಳಗೆ ಒಂದು ಹಾಡು ಬಿದ್ದರೆ ಬೆಂಗಳೂರಿನಲ್ಲಿ ಕೇಳಿದ ಹಾಗಿರುವುದಿಲ್ಲ.

## ಉಳಿಯಲು ಬರುವವರಿಗೆ

ಡಿಜೆ ಏನೂ ಇಲ್ಲ, ಸಣ್ಣ ಬ್ಲೂಟೂತ್ ಸ್ಪೀಕರ್ ಅಷ್ಟೇ. ಪರವಾಗಿಲ್ವಾ?

ಹತ್ತರೊಳಗೆ, ಟೇಬಲ್ ಸುತ್ತ ಕೂತವರಿಗೆ ಕೇಳಿಸುವಷ್ಟಾದರೆ ಖುಷಿಯಾಗಿ ಹಾಕಿ. "ಸಣ್ಣ" ಅನ್ನುವ ಮಾತನ್ನು ಮಾತ್ರ ನಾನು ನೋಡದೆ ನಂಬುವುದಿಲ್ಲ. ಹೋದ ವರ್ಷದ ಹಿಂದಿನ ಡಿಸೆಂಬರಿನಲ್ಲಿ ಟೆಂಪೋ ಟ್ರಾವೆಲರ್‌ನಲ್ಲಿ ಹನ್ನೆರಡು ಜನ ಬಂದರು. ಸಣ್ಣ ಸ್ಪೀಕರ್ ಅಂದಿದ್ದರು. ಇಳಿಸಿದ್ದು ಚಕ್ರ, ಹಿಡಿ, ಬಣ್ಣದ ಲೈಟ್ ಇರುವ ಟ್ರಾಲಿ ಸ್ಪೀಕರ್. ಊಟ ಬಡಿಸುವ ಗಡಿಬಿಡಿಯಲ್ಲಿ ನಾನೂ ಗಡಿಯಾರ ನೋಡಲಿಲ್ಲ. ಹತ್ತೂಮುಕ್ಕಾಲಿಗೆ ಗೇಟಿನ ಹತ್ತಿರ ಯಾರೋ ನಿಂತ ಹಾಗಾಯಿತು. ಹೋಗಿ ನೋಡಿದರೆ ಕೆಳಗೆ ತೋಟದ ಕೆಲಸದವರು ಇರುವ ಲೈನ್ ಮನೆಯ ಹುಡುಗಿ. ಸೊಂಟದ ಮೇಲೆ ಮಗು, ತಲೆ ಮೇಲೆ ಟವೆಲ್, ಕಾಲಲ್ಲಿ ಚಪ್ಪಲಿ ಇಲ್ಲ. "ಮಲಗ್ತಾ ಇಲ್ಲ ಅಮ್ಮಾ" ಅಂದಳು, ಅಷ್ಟೇ. ಮರುದಿನ ಏಳೂವರೆಗೆ ಅವಳು ಕಾಫಿ ಕುಯ್ಯಲು ಬುಟ್ಟಿ ಹಿಡಿದು ಬರಬೇಕಿತ್ತು. ಬಂದಳು ಕೂಡ. ಅಂದಿನಿಂದ ಟ್ರಾಲಿ ಸ್ಪೀಕರ್ ಬಂದರೆ ನಾವು ಅದನ್ನು ಗಾಡಿಯಿಂದ ಇಳಿಸಲು ಬಿಡುವುದಿಲ್ಲ.

ಫೈರ್ ಕ್ಯಾಂಪ್ ಹತ್ರ ಗಿಟಾರ್ ಬಾರಿಸ್ತೀವಿ, ಸ್ಪೀಕರ್ ಇಲ್ಲ. ಅದೂ ಬೇಡ್ವಾ?

ನಿಯಮದ ಮಾತು ನೋಡಿದರೆ ಧ್ವನಿವರ್ಧಕದ ಜೊತೆ ವಾದ್ಯವೂ ಸೇರಿದೆ. ಗಿಟಾರ್, ಚಂಡೆ, ಡೊಳ್ಳು ಎಲ್ಲ ಒಂದೇ. ಹತ್ತರ ನಂತರ ಬಯಲಲ್ಲಿ ಬೇಡ. ಬಾಯಿಹಾಡು ವಾದ್ಯ ಅಲ್ಲ, ನಿಜ. ಆದರೆ ಹನ್ನೆರಡು ಜನ ಒಟ್ಟಿಗೆ ಕಿರುಚಿ ಹಾಡಿದರೆ ಅದು ಸಾರ್ವಜನಿಕ ಉಪದ್ರವ ಆಗಬಹುದು, ಅದಕ್ಕೆ ಬೇರೆ ಕಲಮು ಇದೆ. ನಮ್ಮಲ್ಲಿ ಬೆಂಕಿ ಹಾಕುವುದು ಏಳಕ್ಕೇ. ಹಾಡು ಮೊದಲು, ಊಟ ಆಮೇಲೆ. ಈ ಕ್ರಮ ಬದಲಿಸಿದ ಮೇಲೆ ಅರ್ಧ ಜಗಳ ನಿಂತೇಹೋಯಿತು. ಊಟ ಆದ ಮೇಲೆ ಜನ ತಾವಾಗಿಯೇ ದನಿ ತಗ್ಗಿಸುತ್ತಾರೆ.

ಹತ್ತು ಗಂಟೆ ಆದ್ಮೇಲೆ ಒಳಗೆ ಹಾಲ್‌ನಲ್ಲಿ ಹಾಕ್ಕೊಂಡ್ರೆ?

ಮುಚ್ಚಿದ ಜಾಗಕ್ಕೆ ನಿಯಮದಲ್ಲಿ ವಿನಾಯಿತಿ ಇದೆ, ಒಳಗಿದ್ದವರಿಗೆ ಮಾತ್ರ ಕೇಳಿಸುವ ಹಾಗೆ. ಅದು ಉದಾಹರಣೆ ಕೊಡುವುದು ಸಭಾಂಗಣ, ಕಾನ್ಫರೆನ್ಸ್ ರೂಮು, ಸಮುದಾಯ ಭವನದಂಥವನ್ನು. ನಮ್ಮದು ಮಂಗಳೂರು ಹೆಂಚಿನ ಮನೆ. ಹೆಂಚಿನ ಸಂದಿಯಲ್ಲಿ ನಕ್ಷತ್ರ ಕಾಣುತ್ತದೆ ಅಂದರೆ ಸದ್ದೂ ಹೊರಗೆ ಹೋಗುತ್ತದೆ. ಬಾಗಿಲು, ಕಿಟಕಿ ಹಾಕಿ, ಒಬ್ಬರು ಅಂಗಳಕ್ಕೆ ಹೋಗಿ ನಿಂತು ಕೇಳಿ. ಹಾಡು ಯಾವುದು ಅಂತ ಗುರುತು ಸಿಕ್ಕಿದರೆ ಅದು ಜಾಸ್ತಿಯೇ.

ಬರ್ತ್‌ಡೇ ಇದೆ. ಹನ್ನೆರಡಕ್ಕೆ ಕೇಕ್ ಕಟ್ ಮಾಡಿ ಎರಡು ಪಟಾಕಿ ಹೊಡೀಬಹುದಾ?

ಕೇಕ್ ಕಟ್ ಮಾಡಿ, ಪಟಾಕಿ ಬೇಡ. ಸದ್ದು ಮಾಡುವ ಪಟಾಕಿಗೆ ರಾತ್ರಿ ಹತ್ತರ ಮೇಲೆ ಅವಕಾಶವೇ ಇಲ್ಲ. ಎರಡೇ ಆದರೂ ಅಷ್ಟೇ.

ಬೆಂಗಳೂರು ಬಿಡೋದೇ ಒಂಬತ್ತಕ್ಕೆ, ರಾತ್ರಿ ಎರಡಕ್ಕೆ ಬರ್ತೀವಿ. ಹಾರ್ನ್ ಮಾಡಿದ್ರೆ ಗೇಟ್ ತೆಗೀತೀರಾ?

ಫೋನ್ ಮಾಡಿ, ಹಾರ್ನ್ ಮಾಡಬೇಡಿ. ವಾಸದ ಪ್ರದೇಶದಲ್ಲಿ ರಾತ್ರಿ ಹಾರ್ನ್ ಮಾಡುವುದಕ್ಕೂ ಇದೇ ನಿಯಮಗಳಲ್ಲಿ ತಡೆ ಇದೆ, ತುರ್ತು ಇದ್ದರೆ ಬೇರೆ ಮಾತು. ಕೆಲವು ತಿರುವಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಹಾಗಾಗಿ ಕೊನೇ ಪೇಟೆ ಬಿಡುವಾಗಲೇ ಒಂದು ಮಿಸ್ಡ್ ಕಾಲ್ ಕೊಡಿ. ನಾನು ಟಾರ್ಚ್ ಹಿಡಿದು ಗೇಟಿಗೆ ಬಂದಿರುತ್ತೇನೆ. ಇಳಿದ ಮೇಲೆ ಕಾರಿನ ಬಾಗಿಲನ್ನು ಮೆಲ್ಲಗೆ ಹಾಕಿ. ಮೊದಲೇ ಬಂದು ಮಲಗಿದ ಬೇರೆ ಗೆಸ್ಟ್‌ಗಳು ಎಷ್ಟೋ ಸಲ ಎಚ್ಚರ ಆಗುವುದು ಆ ಬಾಗಿಲಿನ ಸದ್ದಿಗೇ.

ಡಿಸೆಂಬರ್ 31ಕ್ಕೆ ವಿನಾಯಿತಿ ಇರುತ್ತಲ್ವಾ?

ತಾನಾಗಿಯೇ ಇರುವುದಿಲ್ಲ. ಹಬ್ಬ, ಸಾಂಸ್ಕೃತಿಕ ಅಥವಾ ಧಾರ್ಮಿಕ ಸಂದರ್ಭಕ್ಕೆ ರಾತ್ರಿ 10ರಿಂದ 12ರವರೆಗೆ ಸಡಿಲ ಮಾಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರದ ಹಾಗೆ. ಆ ದಿನ ಯಾವುದು ಅಂತ ಹೋಂಸ್ಟೇಯವರು ತೀರ್ಮಾನಿಸುವ ಹಾಗಿಲ್ಲ. ಆ ವರ್ಷ ಸರ್ಕಾರ, ಜಿಲ್ಲಾಡಳಿತ, ಪೊಲೀಸರು ಏನು ಆದೇಶ ಹೊರಡಿಸಿದ್ದಾರೆ ಅಂತ ನೋಡಿಯೇ ಪ್ಲಾನ್ ಮಾಡಿ.

ಶಾಂತಿ ಬೇಕು ಅಂತ ಬಂದ್ರೆ ಬೆಳಿಗ್ಗೆಯಿಂದ ಮೆಷಿನ್ ಶಬ್ದ. ಇದಕ್ಕೆ ರೂಲ್ಸ್ ಇಲ್ವಾ?

ಇದು ನ್ಯಾಯವಾದ ಪ್ರಶ್ನೆ. ತೋಟ ಅಂದರೆ ಕೆಲಸದ ಜಾಗ. ಡಿಸೆಂಬರ್, ಜನವರಿಯಲ್ಲಿ ಕುಯ್ಲು, ಸಂಜೆ ಹಣ್ಣು ಅಳತೆ ಆದ ಮೇಲೆ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ ಓಡುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ನೀರು ಹಾಯಿಸುವಾಗ ಮೋಟರ್ ಇಡೀ ರಾತ್ರಿ ಓಡುವುದೂ ಉಂಟು, ಯಾಕೆಂದರೆ ಕರೆಂಟ್ ಬರುವುದೇ ಆಗ. ಮಳೆಗೆ ಮುಂಚೆ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು), ಮಳೆ ನಿಂತ ಮೇಲೆ ಕಳೆ ಕೊಚ್ಚುವ ಮೆಷಿನ್. ಗೆಸ್ಟ್‌ಗೆ ಇದನ್ನು ಬುಕಿಂಗ್‌ಗೆ ಮೊದಲೇ ಹೇಳುವುದು ಮಾಲೀಕರ ಕರ್ತವ್ಯ. ನಾವು ಗೆಸ್ಟ್ ಇರುವ ಕಡೆಯ ಬ್ಲಾಕಿನಲ್ಲಿ ಮೆಷಿನ್ ಕೆಲಸವನ್ನು ಎಂಟರ ಮೇಲೆ ಇಟ್ಟುಕೊಳ್ಳುತ್ತೇವೆ. ಹೇಳದೆ ಇದ್ದರೆ ನೀವು ಕೇಳಿ: "ಈ ತಿಂಗಳು ತೋಟದಲ್ಲಿ ಏನು ಕೆಲಸ ನಡೀತಿದೆ?"

ಕಾಡಿನ ಪಕ್ಕ, ಸುತ್ತ ಒಂದು ಮನೆ ಇಲ್ಲ. ಅಲ್ಲಿ ಯಾರಿಗೆ ತೊಂದರೆ?

ನಿಮಗೇ. ಮೂಡಿಗೆರೆ, ಬೇಲೂರು, ಸಕಲೇಶಪುರ, ಕೊಡಗಿನ ತೋಟಗಳಲ್ಲಿ ಆನೆ ಓಡಾಟ ಇದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆ ಇದಕ್ಕೆಂದೇ ಕೆಲಸ ಮಾಡುತ್ತಿದೆ. ಇಲ್ಲಿನವರು ರಾತ್ರಿ ಆನೆಯನ್ನು ಕಣ್ಣಿಂದ ಕಾಣುವುದಕ್ಕೆ ಮೊದಲು ಕಿವಿಯಿಂದ ಕಾಣುತ್ತಾರೆ. ಬೈನೆ ಮರ ಲಟಕ್ ಅಂದದ್ದು, ಒಣ ಎಲೆ ಮೇಲೆ ಭಾರ ಬಿದ್ದದ್ದು, ಹೊಟ್ಟೆಯೊಳಗಿನ ಗುಡುಗುಡು. ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ನಮ್ಮ ರೈಟರ್ ಒಂದು ರಾತ್ರಿ ಮಾತಿನ ನಡುವೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಹತ್ತು ಸೆಕೆಂಡ್ ಕೇಳಿ, "ಕೆರೆ ಕಡೆ ಎರಡಿದಾವೆ, ಒಳಗೆ ನಡೀರಿ" ಅಂದರು. ಬೆಳಿಗ್ಗೆ ನೋಡಿದರೆ ಬೆಂಕಿ ಹಾಕಿದ್ದ ಜಾಗದಿಂದ ಮೂವತ್ತು ಹೆಜ್ಜೆ ದೂರದಲ್ಲಿ ಲದ್ದಿ ಬಿದ್ದಿತ್ತು. ಅವತ್ತು ಸ್ಪೀಕರ್ ಓಡುತ್ತಿದ್ದರೆ ಆ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. ಇನ್ನು ಪ್ರಾಣಿಗಳ ಮಾತು. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಓಡಾಟವನ್ನೇ 2009ರಿಂದ ನಿಲ್ಲಿಸಿದ್ದಾರೆ. ಕಾಡಿಗೆ ರಾತ್ರಿ ಅಷ್ಟು ಮುಖ್ಯ.

## ಹೋಂಸ್ಟೇ ನಡೆಸುವವರಿಗೆ

ಗೆಸ್ಟ್ ಮಾಡಿದ ಗಲಾಟೆಗೆ ನಾನ್ಯಾಕೆ ಜವಾಬ್ದಾರಿ?

ಜಾಗ ನಿಮ್ಮದು, ಕರೆಂಟ್ ನಿಮ್ಮದು, ನೋಂದಣಿ ನಿಮ್ಮ ಹೆಸರಲ್ಲಿದೆ. ಸದ್ದು ಮಾಡಿದವರು ಭಾನುವಾರ ಮಧ್ಯಾಹ್ನ ಹೊರಟುಹೋಗುತ್ತಾರೆ. ದೂರು ಬಂದಾಗ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಗೇಟಿಗೆ. ಊರಿನಲ್ಲಿ ಮುಖ ತೋರಿಸಿ ಬದುಕಬೇಕಾದವರೂ ನೀವೇ. ನೋಂದಣಿಗೆ ಪೊಲೀಸರ, ಪಂಚಾಯಿತಿಯ ಕಾಗದ ಬೇಕಾದಾಗ ಹಳೆ ದೂರು ಎದುರಿಗೆ ಬಂದು ಕೂರುತ್ತದೆ.

ನಾವು ಅಲ್ಲಿರಲ್ಲ, ಹುಡುಗ ಒಬ್ಬನ್ನ ಬಿಟ್ಟಿದ್ದೀವಿ. ಸಾಕಲ್ವಾ?

ಸಾಲದು. ಪ್ರವಾಸೋದ್ಯಮ ಇಲಾಖೆಯ ಲೆಕ್ಕದಲ್ಲಿ ಹೋಂಸ್ಟೇ ಅಂದರೆ ಮಾಲೀಕರ ಕುಟುಂಬ ವಾಸ ಇರುವ ಮನೆ. ಸದ್ದಿನ ವಿಷಯಕ್ಕೆ ಇದಕ್ಕಿಂತ ಒಳ್ಳೆ ಮದ್ದು ನಾನು ಕಂಡಿಲ್ಲ. ಇಪ್ಪತ್ತು ವರ್ಷದ ಹುಡುಗ ಒಬ್ಬನೇ, ಎದುರಿಗೆ ಕುಡಿದ ಹತ್ತು ಜನ. ಅವನು "ಸರ್, ನಿಲ್ಲಿಸಿ" ಅಂದರೆ ಯಾರು ಕೇಳುತ್ತಾರೆ? ಕೈಗೆ ಐನೂರು ಇಟ್ಟು ಕಳಿಸುತ್ತಾರೆ, ಇಲ್ಲ ಬೈದು ಕಳಿಸುತ್ತಾರೆ. ಅವನನ್ನು ಆ ಸ್ಥಿತಿಗೆ ತಳ್ಳುವುದು ತಪ್ಪು. ನಾನು ಕಂಡಂತೆ ಅತಿ ಜೋರಿನ ಮನೆಗಳೆಲ್ಲ ಮಾಲೀಕರಿಲ್ಲದ ಮನೆಗಳೇ. ಊರಿಗೆ ಹೋಗಲೇಬೇಕಾದ ವಾರ ದೊಡ್ಡ ಗುಂಪಿನ ಬುಕಿಂಗ್ ತೆಗೆದುಕೊಳ್ಳಬೇಡಿ.

ಬುಕಿಂಗ್ ಟೈಮಲ್ಲಿ ಜಾಸ್ತಿ ರೂಲ್ಸ್ ಹೇಳಿದ್ರೆ ಗೆಸ್ಟ್ ಓಡಿಹೋಗ್ತಾರೆ. ಏನು ಹೇಳೋದು?

ಓಡಿಹೋಗುವವರು ಹೋಗಲಿ. ಅವರು ಬಂದಿದ್ದರೆ ಆ ರಾತ್ರಿ ನಿಮ್ಮದೂ ಹಾಳು, ಊರಿನದೂ ಹಾಳು. ನಾನು ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ವಾಟ್ಸಾಪ್‌ನಲ್ಲಿ ಹೀಗೆ ಕಳಿಸುತ್ತೇನೆ: "ನಮ್ಮದು ತೋಟದ ಮನೆ, ಕೆಳಗೆ ಆರು ಸಂಸಾರ ಮಲಗಿರುತ್ತವೆ. ರಾತ್ರಿ ಹತ್ತಕ್ಕೆ ಹಾಡು ನಿಲ್ಲುತ್ತದೆ. ದೊಡ್ಡ ಸ್ಪೀಕರ್, ಪಟಾಕಿ ತರಬೇಡಿ. ಮಾತು, ನಗು ಎಷ್ಟು ಹೊತ್ತಾದರೂ ಇರಲಿ, ವರಾಂಡದೊಳಗೆ ಇರಲಿ. ಒಪ್ಪಿಗೆ ಇದ್ದರೆ 'ಒಪ್ಪಿದೆ' ಅಂತ ಬರೆದು ಕಳಿಸಿ." ಆ ಒಂದು ಪದ ಬರೆಸಿಕೊಳ್ಳುವುದು ಮುಖ್ಯ. ಬರೆದುಕೊಟ್ಟ ಮೇಲೆ ಜನ ಸಾಮಾನ್ಯವಾಗಿ ಮಾತಿಗೆ ನಿಲ್ಲುತ್ತಾರೆ. "ಸೈಲೆಂಟ್ ಅವರ್ಸ್" ಅಂತ ಬೋರ್ಡ್ ಹಾಕುವುದಕ್ಕಿಂತ "ಆರು ಸಂಸಾರ ಮಲಗಿರುತ್ತವೆ" ಅನ್ನುವುದು ಹೆಚ್ಚು ಕೆಲಸ ಮಾಡುತ್ತದೆ.

ಹತ್ತೂವರೆ ಆದ್ರೂ ನಿಲ್ಲಿಸ್ತಾ ಇಲ್ಲ. ಈಗ ಏನು ಮಾಡ್ಲಿ?

ಮೊದಲು, ಗುಂಪಿನ ಎದುರಿಗೆ ಜಗಳಕ್ಕೆ ನಿಲ್ಲಬೇಡಿ. ಬುಕ್ ಮಾಡಿದವರನ್ನು ಒಬ್ಬರನ್ನೇ ಪಕ್ಕಕ್ಕೆ ಕರೆದು, ಅವರೇ ಬರೆದ "ಒಪ್ಪಿದೆ" ತೋರಿಸಿ, "ಹತ್ತು ನಿಮಿಷ ಕೊಡ್ತೀನಿ ಸರ್" ಅನ್ನಿ. ಎಷ್ಟೋ ಸಲ ಅವರಿಗೂ ನಿಲ್ಲಿಸಬೇಕು ಅಂತಿರುತ್ತದೆ, ಹೇಳಲು ಒಂದು ನೆಪ ಬೇಕಿರುತ್ತದೆ. ಅದಕ್ಕೂ ಆಗದಿದ್ದರೆ ಹೊರಗಿನ ಪ್ಲಗ್‌ಗಳ ಕರೆಂಟ್ ತೆಗೆಯಿರಿ. ನಾವು ಅಂಗಳದ ಲೈನ್‌ಗೆ ಬೇರೆ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಹಾಕಿಸಿದ್ದೇವೆ, ರೂಮಿನ ದೀಪಕ್ಕೆ ತೊಂದರೆ ಆಗುವುದಿಲ್ಲ. ಸ್ಪೀಕರ್ ಕಿತ್ತುಕೊಳ್ಳಲು ಹೋಗಬೇಡಿ. ಕೊನೆಗೆ ಪೊಲೀಸರ ತುರ್ತು ನಂಬರ್ 112. ಒಂದು ವಿಷಯ ಗಟ್ಟಿಯಾಗಿ ಹೇಳುತ್ತೇನೆ: ಕುಡಿದವರನ್ನು ರಾತ್ರಿ ಹನ್ನೆರಡಕ್ಕೆ "ರೂಮ್ ಖಾಲಿ ಮಾಡಿ" ಅಂತ ಘಾಟಿ ರಸ್ತೆಗೆ ಕಳಿಸಬೇಡಿ. ಸದ್ದು ನಿಲ್ಲಿಸಿ, ಮಲಗಿಸಿ. ಲೆಕ್ಕ ಬೆಳಿಗ್ಗೆ ತಿಂಡಿ ಆದ ಮೇಲೆ ಮುಗಿಸಿ.

ರೂಲ್ಸ್ ಮುರಿದ್ರೆ ಡೆಪಾಸಿಟ್ ಹಿಡ್ಕೊಬಹುದಾ?

ಮೊದಲೇ ಬರೆದು ಒಪ್ಪಿಸಿಕೊಂಡಿದ್ದರೆ ಹಿಡಿಯಬಹುದು, ಮನಸ್ಸಿಗೆ ಬಂದಷ್ಟಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ, ಬರೆದಿಟ್ಟ ಮೊತ್ತ ಅದರ ಮೇಲ್ಮಿತಿ. ಪಕ್ಕದ ರೂಮಿನ ಗೆಸ್ಟ್ ನಿದ್ದೆ ಕೆಟ್ಟು ದುಡ್ಡು ವಾಪಸ್ ಕೇಳಿದರೆ ಆ ಮೊತ್ತ ಹಿಡಿಯುವುದು ನ್ಯಾಯ. ಹತ್ತು ಸಾವಿರ ಡೆಪಾಸಿಟ್ ತೆಗೆದುಕೊಂಡು ಸಣ್ಣ ಕಾರಣಕ್ಕೆ ಪೂರ್ತಿ ನುಂಗುವುದು ನ್ಯಾಯವಲ್ಲ. ಅದರಿಂದ ನಮ್ಮೆಲ್ಲರ ಹೆಸರು ಹಾಳಾಗುತ್ತಿದೆ.

ಮದುವೆ, ರಿಸೆಪ್ಷನ್‌ಗೆ ಅಂಗಳ ಕೊಡ್ತೀನಿ. ಮೈಕಿಗೆ ಪರ್ಮಿಷನ್ ಯಾರ ಹತ್ರ?

ಹಗಲಾದರೂ ಧ್ವನಿವರ್ಧಕಕ್ಕೆ ಬರಹದಲ್ಲಿ ಅನುಮತಿ ಬೇಕು. 2022ರ ಮೇ 10ರ ರಾಜ್ಯ ಸರ್ಕಾರದ ಆದೇಶದ ಪ್ರಕಾರ ಇದನ್ನು ನೋಡುವುದು ಒಂದು ಸಮಿತಿ. ತಾಲ್ಲೂಕುಗಳಲ್ಲಿ ಡಿವೈಎಸ್‌ಪಿ, ತಹಸೀಲ್ದಾರ್ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ ಇರುತ್ತಾರೆ. ಕಮಿಷನರ್ ಇರುವ ನಗರಗಳಲ್ಲಿ ಎಸಿಪಿ. ನಿಮ್ಮ ಠಾಣೆಯಲ್ಲೇ ಮೊದಲು ವಿಚಾರಿಸಿ, ದಾರಿ ಹೇಳುತ್ತಾರೆ. ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. ಅನುಮತಿ ಸಿಕ್ಕರೂ ಹತ್ತಕ್ಕೆ ನಿಲ್ಲಬೇಕು. ಸೌಂಡ್ಸ್‌ನವರಿಗೆ ಒಂಬತ್ತೂವರೆ ಅಂತಲೇ ಹೇಳಿ, ಬಿಚ್ಚಿ ಕಟ್ಟಲು ಸಮಯ ಬೇಕಲ್ವಾ.

ಕರೆಂಟ್ ಹೋದ್ರೆ ಜನರೇಟರ್ ಹಾಕ್ಲೇಬೇಕು. ಅದರ ಸದ್ದಿಗೂ ಮಿತಿ ಇದ್ಯಾ?

ಇದೆ. 2005ರ ಜನವರಿ 1ರಿಂದ ಈಚೆಗೆ ತಯಾರಾದ 1000 ಕೆವಿಎವರೆಗಿನ ಡೀಸೆಲ್ ಜನರೇಟರ್ ಮುಚ್ಚಿದ ಪೆಟ್ಟಿಗೆಯೊಂದಿಗೆ ಬರಬೇಕು, ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು. ಮಳೆಗಾಲದಲ್ಲಿ ನಮ್ಮಲ್ಲಿ ಎರಡು, ಮೂರು ದಿನ ಕರೆಂಟ್ ಇರುವುದಿಲ್ಲ. ಹಾಗಾಗಿ ಜನರೇಟರ್ ಎಲ್ಲಿಡುತ್ತೀರಿ ಅನ್ನುವುದು ದೊಡ್ಡ ವಿಷಯ. ನೆರೆಮನೆಯ ಕಡೆಗಿನ ಗೋಡೆಗೆ ಇಡಬೇಡಿ. ರಾತ್ರಿ ದೀಪ, ಫ್ಯಾನ್‌ಗೆ ಇನ್ವರ್ಟರ್ ಸಾಕು.

## ಪಕ್ಕದ ಮನೆಯವರಿಗೆ

ಪಕ್ಕದ ಹೋಂಸ್ಟೇಲಿ ಪ್ರತಿ ಶನಿವಾರ ಡಿಜೆ. ಯಾರಿಗೆ ಹೇಳೋದು?

ಮೊದಲು ಮಾಲೀಕರಿಗೆ, ಫೋನಿನಲ್ಲಿ, ಹಗಲು ಹೊತ್ತು. ಶನಿವಾರ ರಾತ್ರಿಯ ಸಿಟ್ಟಿನಲ್ಲಿ ಬೇಡ, ಸೋಮವಾರ ಮಾತಾಡಿ. ಕೇಳದಿದ್ದರೆ ಸದ್ದು ನಡೆಯುವಾಗಲೇ 112ಕ್ಕೆ ಫೋನ್ ಮಾಡಿ. ಮರುದಿನ ಠಾಣೆಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಹಗಲಿನ ಸದ್ದಿಗೆ ದೂರು ಕೊಡಲು ಮಿತಿಗಿಂತ 10 ಡೆಸಿಬಲ್ ಜಾಸ್ತಿ ಇರಬೇಕು. ರಾತ್ರಿಯ ನಿರ್ಬಂಧ ಮುರಿದದ್ದಕ್ಕೆ ಈ ಲೆಕ್ಕ ಬೇಕಿಲ್ಲ. ಹತ್ತರ ಮೇಲೆ ಬಯಲಲ್ಲಿ ಸ್ಪೀಕರ್ ಓಡುತ್ತಿತ್ತು ಅನ್ನುವುದೇ ಸಾಕು, ಮೀಟರ್ ಎಲ್ಲಿಂದ ತರಲಿ ಅಂತ ಚಿಂತೆ ಬೇಡ.

ಪೊಲೀಸರು ಬಂದು ಹೋದ್ರು, ಅರ್ಧ ಗಂಟೆಗೆ ಮತ್ತೆ ಶುರು. ಮುಂದೇನು?

ಒಂದು ನೋಟ್‌ಬುಕ್ ಇಡಿ. ದಿನಾಂಕ, ಶುರುವಾದ ಹೊತ್ತು, ನಿಂತ ಹೊತ್ತು, ಯಾರಿಗೆ ಫೋನ್ ಮಾಡಿದಿರಿ. ನಾಲ್ಕು ಶನಿವಾರದ ಲೆಕ್ಕ ಇದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಅದನ್ನು ಡಿವೈಎಸ್‌ಪಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಗೆ ಕೊಡಿ. ಶಬ್ದ ನಿಯಮಗಳ 8ನೇ ನಿಯಮದಲ್ಲಿ ಆ ಜಾಗದ ಸದ್ದನ್ನು ನಿಲ್ಲಿಸಲು, ಇಲ್ಲವೇ ಹತೋಟಿಗೆ ತರಲು ಲಿಖಿತ ಆದೇಶ ಮಾಡುವ ಅಧಿಕಾರವಿದೆ. ಇದರಾಚೆಗೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 152ನೇ ಕಲಮಿನಡಿ ಉಪದ್ರವ ತೆಗೆಸಿ ಅಂತ ಉಪವಿಭಾಗದ ದಂಡಾಧಿಕಾರಿಯ ಮುಂದೆ ಹೋಗಬಹುದು. ಒಬ್ಬರೇ ಹೋಗಬೇಡಿ, ಐದು ಮನೆಯವರು ಸಹಿ ಹಾಕಿ.

ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್. ಮೇಲಿನ ಫ್ಲಾಟ್ ಏರ್‌ಬಿಎನ್‌ಬಿ, ವೀಕೆಂಡ್ ಪಾರ್ಟಿ. ನಮಗೇನು ದಾರಿ?

ಮೂರು ದಾರಿ. ಅಸೋಸಿಯೇಷನ್ ಬೈಲಾ ತೆಗೆದು ನೋಡಿ, ದಿನದ ಲೆಕ್ಕದ ಬಾಡಿಗೆ ಮತ್ತು ರಾತ್ರಿಯ ಸದ್ದಿನ ಬಗ್ಗೆ ಏನಿದೆ ಅಂತ. ಇಲ್ಲದಿದ್ದರೆ ಮುಂದಿನ ಸಭೆಯಲ್ಲಿ ಸೇರಿಸಿ. ಆ ರಾತ್ರಿಗೆ 112, ಪೊಲೀಸರ ಹೊಯ್ಸಳ ಗಾಡಿ ಬರುತ್ತದೆ. ಮೂರನೆಯದು, ಆನ್‌ಲೈನಿನಲ್ಲಿ ಮನೆ, ರೂಮು ಬುಕ್ ಮಾಡಿಸುವ ಏರ್‌ಬಿಎನ್‌ಬಿ ಕಂಪನಿಗೇ ದೂರು. ಅವರು 2020ರ ಆಗಸ್ಟಿನಲ್ಲಿ ಪಾರ್ಟಿ ನಿಷೇಧ ತಂದು, 2022ರ ಜೂನಿನಲ್ಲಿ ಕಾಯಂ ಮಾಡಿದರು. ಗೆಸ್ಟ್ ಅಲ್ಲದ ನೆರೆಯವರೂ ಅಲ್ಲಿ ದೂರು ಕೊಡಬಹುದು. ಫ್ಲಾಟ್ ಮಾಲೀಕರಿಗೆ ಪೊಲೀಸರಿಗಿಂತ ಲಿಸ್ಟಿಂಗ್ ಹೋಗುವ ಭಯ ಬೇಗ ತಟ್ಟುತ್ತದೆ.

## ಇನ್ನೂ ಸ್ವಲ್ಪ ಆಳಕ್ಕೆ

ಇನ್ನೂರು ಮೀಟರ್ ದೂರ ಇದೀವಿ. ಆದ್ರೂ ಪಕ್ಕದಲ್ಲೇ ಬಡಿದ ಹಾಗೆ ಕೇಳುತ್ತೆ, ಹೇಗೆ?

ಬಯಲಿನಲ್ಲಿ ದೂರ ಎರಡರಷ್ಟಾದಾಗ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರಿನಲ್ಲಿ 100 ಡೆಸಿಬಲ್ ಇರುವ ಟ್ರಾಲಿ ಸ್ಪೀಕರ್ 128 ಮೀಟರಿಗೆ ಬರುವಾಗ 58. ರಾತ್ರಿ ಮಿತಿಯ ಮೇಲೆ ಐದು ಸೇರಿಸಿದರೂ 50. ಅಂದರೆ ಅಷ್ಟು ದೂರದಲ್ಲೂ ತಪ್ಪೇ. ಇದರ ಮೇಲೆ ನಮ್ಮ ಕಣಿವೆಗಳ ಗುಣ ಬೇರೆ. ಚಳಿಗಾಲದ ರಾತ್ರಿ ತಂಪು ಗಾಳಿ ಕೆಳಗೆ ಕೂತು, ಬೆಚ್ಚನೆ ಗಾಳಿ ಮೇಲೆ ನಿಲ್ಲುತ್ತದೆ. ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಕಾಫಿ ಗಿಡ, ಸಿಲ್ವರ್ ಓಕ್ ಸಾಲು ಹಾಡಿನ ತೆಳು ದನಿಯನ್ನು ಸ್ವಲ್ಪ ತಡೆಯುತ್ತವೆ. ದಬ್ ದಬ್ ಬೇಸ್ ಮಾತ್ರ ತಡೆ ಇಲ್ಲದೆ ಬಂದು ಕಿಟಕಿ ಗಾಜನ್ನು ಅಲ್ಲಾಡಿಸುತ್ತದೆ. ಸ್ಪೀಕರಿನ ಬೇಸ್ ಇಳಿಸಿ, ಮುಖ ಮನೆಯ ಕಡೆ ತಿರುಗಿಸಿ ಇಡುವುದರಿಂದಲೇ ಸಂಜೆಯ ಹೊತ್ತು ಬಹಳ ವ್ಯತ್ಯಾಸ ಆಗುತ್ತದೆ.

ಮೊಬೈಲ್ ಆಪ್‌ನಲ್ಲಿ ಅಳೆದದ್ದು ಸಾಕ್ಷಿ ಆಗುತ್ತಾ?

ಸರಿಯಾಗಿ ಹೊಂದಿಸಿದ ಮೀಟರಿನ ಅಳತೆಗೆ ಇರುವ ಬೆಲೆ ಅದಕ್ಕಿಲ್ಲ. ಫೋನಿನ ಮೈಕು ಒಂದೊಂದರದು ಒಂದೊಂದು ಥರ. ನಿಯಮದ ಮಿತಿಯೂ ಒಂದು ಕ್ಷಣದ್ದಲ್ಲ, ಒಂದಿಷ್ಟು ಹೊತ್ತಿನ ಸರಾಸರಿ. ಆದರೂ ಮಾಲೀಕರಿಗೆ ಆಪ್ ಒಳ್ಳೆ ಸಲಕರಣೆ. ಸಂಜೆ ಏಳಕ್ಕೆ ಗೆಸ್ಟ್ ಜೊತೆ ಬೇಲಿ ತನಕ ನಡೆದು, ಫೋನ್ ತೋರಿಸಿ, "ಇಲ್ಲಿ ಇಷ್ಟು ಬರ್ತಿದೆ, ಇನ್ನೂ ಸ್ವಲ್ಪ ಇಳಿಸೋಣ" ಅಂದರೆ ಮಾತು ವಾದಕ್ಕೆ ಹೋಗುವುದಿಲ್ಲ. ದೂರು ಕೊಡುವವರು ಆಪಿಗಿಂತ ವಿಡಿಯೊ ಇಟ್ಟುಕೊಳ್ಳಿ, ನಿಮ್ಮ ಮನೆಯ ಗಡಿಯಾರ ಕಾಣುವ ಹಾಗೆ.

ಸಿಕ್ಕಿಬಿದ್ರೆ ದಂಡ ಎಷ್ಟು?

ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೇ ಕಲಮಿನಲ್ಲಿ 1000 ರೂಪಾಯಿವರೆಗೆ. ನಿಲ್ಲಿಸಿ ಅಂತ ಆದೇಶ ಬಂದ ಮೇಲೂ ಮುಂದುವರಿಸಿದರೆ 293ರಲ್ಲಿ ಆರು ತಿಂಗಳವರೆಗೆ ಜೈಲು, ಅಥವಾ 5000ದವರೆಗೆ ದಂಡ, ಅಥವಾ ಎರಡೂ. ದೊಡ್ಡದು ಪರಿಸರ ಸಂರಕ್ಷಣಾ ಕಾಯ್ದೆಯದು. 2024ರ ಏಪ್ರಿಲ್ 1ರಿಂದ ಅದರ 15ನೇ ಕಲಮಿನಲ್ಲಿ ಜೈಲಿನ ಬದಲು 10,000 ರೂಪಾಯಿಯಿಂದ 15 ಲಕ್ಷದವರೆಗೆ ದಂಡ ಇದೆ. ಮಿತಿ ಮೀರಿದ ಸೌಂಡ್ ಸಿಸ್ಟಂ ಜಪ್ತಿಗೆ ವ್ಯವಸ್ಥೆ ಮಾಡಿ ಅಂತಲೂ ಸುಪ್ರೀಂ ಕೋರ್ಟ್ 2005ರಲ್ಲೇ ರಾಜ್ಯಗಳಿಗೆ ಹೇಳಿದೆ. ಬಾಡಿಗೆಗೆ ತಂದ ಸ್ಪೀಕರ್ ಜಪ್ತಿ ಆದರೆ ಅದರ ಮಾಲೀಕನಿಗೆ ಉತ್ತರ ಕೊಡಬೇಕಾದವರು ನೀವು.

ಸದ್ದು ಅಳೆಯೋ ಸೆನ್ಸರ್, ಕ್ಯಾಮೆರಾ ರೂಮಲ್ಲಿ ಇಡಬಹುದಾ?

ಮಲಗುವ ಜಾಗದಲ್ಲಿ ಯಾವುದೂ ಬೇಡ. ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಮನೆಯೊಳಗಿನ ಕ್ಯಾಮೆರಾಗಳನ್ನು ಪೂರ್ತಿ ನಿಷೇಧಿಸಿದೆ. ಡೆಸಿಬಲ್ ಮಾತ್ರ ಅಳೆಯುವ, ಮಾತು ರೆಕಾರ್ಡ್ ಮಾಡದ ಸಾಧನವನ್ನು ಹಾಲ್‌ನಂಥ ಕಡೆ ಇಡಬಹುದು, ಮೊದಲೇ ಗೆಸ್ಟ್‌ಗೆ ತಿಳಿಸಿರಬೇಕು. ನಾವು ಇಟ್ಟಿಲ್ಲ. ನನ್ನ ರೂಮಿನ ಕಿಟಕಿ ಅಂಗಳಕ್ಕೇ ತೆರೆಯುತ್ತದೆ, ಅದೇ ಸಾಕಾಗಿದೆ.

ಊರಿನ ಜಾತ್ರೆ, ಯಕ್ಷಗಾನ ಬೆಳಗಾಗೋವರೆಗೂ ನಡೆಯುತ್ತೆ. ನಮಗೆ ಮಾತ್ರ ಯಾಕೆ ರೂಲ್ಸ್?

ನಿಯಮ ಎಲ್ಲರಿಗೂ ಇದೆ. ರಾತ್ರಿಯಿಡೀ ಆಟ ಆಡುವುದೇ ಕ್ರಮವಾಗಿದ್ದ ಕಟೀಲು ಮೇಳಗಳು ಕೂಡ 2022ರಲ್ಲಿ ಧ್ವನಿವರ್ಧಕದ ನಿಯಮ ನೋಡಿಕೊಂಡು ಕಾಲಮಿತಿಗೆ ಬಂದಿದ್ದವು. ಅದನ್ನು ಒಪ್ಪಿಕೊಳ್ಳಲು ಎಷ್ಟೋ ಭಕ್ತರಿಗೆ, ಕಲಾವಿದರಿಗೆ ಕಷ್ಟವಾಯಿತು. ನನಗೂ ಬೇಸರವಾಗಿತ್ತು, ಯಾಕೆಂದರೆ ನಾನು ಚಿಕ್ಕವಳಿದ್ದಾಗ ಅಜ್ಜಿಯ ಸೆರಗಿನಲ್ಲಿ ನಿದ್ದೆ ಮಾಡುತ್ತಾ, ಚಂಡೆ ಸದ್ದಿಗೆ ಎದ್ದು, ಬೆಳಗಿನ ಜಾವದ ರಾಕ್ಷಸ ವೇಷ ನೋಡಿದವಳು. ಇನ್ನೊಂದು ವ್ಯತ್ಯಾಸವೂ ಇದೆ. ನಮ್ಮೂರ ಜಾತ್ರೆ ವರ್ಷಕ್ಕೊಮ್ಮೆ. ಅವತ್ತು ಲೈನ್ ಮನೆಯವರೂ ತೇರಿನ ಹತ್ತಿರವೇ ಇರುತ್ತಾರೆ, ಮರುದಿನ ತೋಟಕ್ಕೆ ರಜೆ. ಹೋಂಸ್ಟೇಯ ಶನಿವಾರ ವರ್ಷಕ್ಕೆ 52 ಸಲ ಬರುತ್ತದೆ, ಕುಯ್ಲಿನ ಕಾಲದಲ್ಲಿ ಭಾನುವಾರವೂ ಏಳೂವರೆಗೆ ಬುಟ್ಟಿ ಹಿಡಿಯಬೇಕು.